ಜಿಪ್ಸಿಗೆ ಎಂಥ ಪೆಟ್ರೋಲ್ ಕ್ಯಾನ್ ತಗೊಳ್ಳಲಿ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ. ನನ್ನ ಹತ್ತಿರ ಪೆಟ್ರೋಲ್ ಜಿಪ್ಸಿ ಇದೆ. ಮಳೆಗಾಲದಲ್ಲಿ ಗೆಳೆಯರ ಜೊತೆ ಬೆಟ್ಟದ ದಾರಿಗಳಲ್ಲಿ ಆಫ್‌ರೋಡ್ ಹೋಗುತ್ತೇವೆ. ಸೆಪ್ಟೆಂಬರ್‌ನಲ್ಲಿ ಮನಾಲಿಯಿಂದ ಲೇಹ್‌ಗೆ ಹೋಗುವ ಯೋಚನೆಯೂ ಇದೆ. 20 ಲೀಟರಿನ ಮೂರು ಕಬ್ಬಿಣದ ಕ್ಯಾನ್ ತಗೊಂಡು ಮೇಲಿನ ಕ್ಯಾರಿಯರ್‌ಗೆ ಕಟ್ಟೋಣ ಅಂದುಕೊಂಡಿದ್ದೇನೆ. ಆನ್‌ಲೈನ್‌ನಲ್ಲಿ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ, ಬೆಲೆ ಮಾತ್ರ ಎರಡು ಮೂರು ಪಟ್ಟು ವ್ಯತ್ಯಾಸ. ಮಾವ ಯಾವಾಗಲೋ ಹರಾಜಿನಲ್ಲಿ ತಗೊಂಡ ಮಿಲಿಟರಿ ಕ್ಯಾನ್ ಒಂದು ಅಟ್ಟದ ಮೇಲಿದೆ. ಅದು ಆಗುತ್ತಾ? ಯಾವುದು ಬಾಳಿಕೆ ಬರುತ್ತದೆ? ಪ್ಲಾಸ್ಟಿಕ್ ಸಾಕಾಗಲ್ವಾ?

ಉತ್ತರ: ಮೂರು ಬೇಡ. 20 ಲೀಟರಿನದ್ದು ಒಂದು, 10 ಲೀಟರಿನದ್ದು ಒಂದು ಸಾಕು. ಮೇಲಿನ ಕ್ಯಾರಿಯರ್ ಅಂತೂ ಬೇಡವೇ ಬೇಡ.

ಮೊದಲು ಲೆಕ್ಕ ನೋಡಿ. ಜಿಪ್ಸಿ ಟ್ಯಾಂಕ್ 40 ಲೀಟರ್. ನಾಪೋಕ್ಲಿನಿಂದ ಕಕ್ಕಬ್ಬೆ ಕಡೆ ಹೋಗಿ ದಿನವಿಡೀ ಲೋ ಗೇರ್‌ನಲ್ಲಿ ಕೆಸರು ತುಳಿದರೂ ಅಷ್ಟು ಖಾಲಿಯಾಗುವುದಿಲ್ಲ. ಮಡಿಕೇರಿ, ವಿರಾಜಪೇಟೆ, ಕುಶಾಲನಗರ ಎಲ್ಲ ಕಡೆ ಬಂಕ್ ಇದೆ. ಕೊಡಗಿನ ಒಳಗೆ ಓಡಾಡಲು 10 ಲೀಟರಿನ ಕ್ಯಾನೇ ಜಾಸ್ತಿ. ನಮ್ಮಲ್ಲಿ ಕ್ಯಾನ್ ಬೇಕಾಗುವುದು ದೂರಕ್ಕಲ್ಲ, ದಾರಿ ಕಟ್ಟಾದಾಗ. ಭಾಗಮಂಡಲದಲ್ಲಿ ನೀರು ರಸ್ತೆ ಮೇಲೆ ಬಂದಾಗ, ಮರ ಬಿದ್ದಾಗ, 2018ರ ಆಗಸ್ಟ್‌ನಲ್ಲಿ ಆದ ಹಾಗೆ ಗುಡ್ಡವೇ ಕುಸಿದಾಗ. ಅಂಥ ಹೊತ್ತಿಗೆ ಹತ್ತು ಲೀಟರ್ ಕೈಯಲ್ಲಿದ್ದರೆ ಸುತ್ತು ದಾರಿ ಹಿಡಿದು ಮನೆ ಸೇರಬಹುದು.

ಲೇಹ್ ದಾರಿಯ ಕಥೆ ಬೇರೆ. ಕೇಲಾಂಗ್‌ಗಿಂತ ಮುಂಚೆ ತಾಂಡಿ ಬಂಕಿನಲ್ಲಿ ‘ಮುಂದಿನ ಬಂಕ್ 365 ಕಿ.ಮೀ.’ ಅನ್ನುವ ಫಲಕ ಪ್ರಸಿದ್ಧ. ಏರು ದಾರಿಯಲ್ಲಿ ಲೀಟರಿಗೆ 8 ಕಿ.ಮೀ. ಅಂತ ಹಿಡಿದರೂ 46 ಲೀಟರ್ ಸಾಕು. ತಾಂಡಿಯಲ್ಲಿ ಟ್ಯಾಂಕ್ ತುಂಬಿಸಿ, ಅದರ ಜೊತೆಗೆ ಕ್ಯಾನಿನಲ್ಲಿ 30 ಲೀಟರ್ ಇಟ್ಟುಕೊಂಡರೆ ದಾರಿ ತಪ್ಪಿದರೂ, ಎಲ್ಲಾದರೂ ನಿಂತು ವಾಪಸ್ ಬರಬೇಕಾದರೂ ಧೈರ್ಯ ಇರುತ್ತದೆ.

30 ಲೀಟರ್ ಅಂತ ಸುಮ್ನೆ ಹೇಳಿದ್ದಲ್ಲ. 1934ರ ಪೆಟ್ರೋಲಿಯಂ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಮಾರುವ ಉದ್ದೇಶ ಇಲ್ಲದಿದ್ದರೆ 30 ಲೀಟರ್‌ವರೆಗೆ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು, ಸಾಗಿಸಬಹುದು. ಪಾತ್ರೆ ಹೇಗಿರಬೇಕು ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ಭದ್ರವಾಗಿ ಮುಚ್ಚಿದ ಗಾಜು, ಪಿಂಗಾಣಿ ಅಥವಾ ಲೋಹದ್ದು ಆಗಿರಬೇಕು. ಗಾಜು, ಪಿಂಗಾಣಿ ಆದರೆ ಒಂದು ಲೀಟರ್ ಮೀರಬಾರದು, ಲೋಹ ಆದರೆ 25 ಲೀಟರ್ ಮೀರಬಾರದು. ಪ್ಲಾಸ್ಟಿಕ್ ಆ ಸಾಲಿನಲ್ಲೇ ಇಲ್ಲ! ನಿಮ್ಮ ಕೊನೆಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಇನ್ನರ್ಧ ಏನೆಂದರೆ, ಪೆಟ್ರೋಲಿಗೆಂದೇ ಮಾಡಿದ ಒಳ್ಳೆಯ ಪ್ಲಾಸ್ಟಿಕ್ ಕ್ಯಾನ್‌ಗಳು ಇವೆ, ಅವಕ್ಕೆ ತುಕ್ಕಿನ ಕಾಟವೂ ಇಲ್ಲ. ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವುದು ಬಹಳ ಸಲ ಅಡುಗೆ ಎಣ್ಣೆಯ ಅಥವಾ ತೋಟದ ಔಷಧಿಯ ಖಾಲಿ ಕ್ಯಾನ್. ಅವುಗಳ ಮುಚ್ಚಳ ಪೆಟ್ರೋಲಿನ ಆವಿಯನ್ನು ಹಿಡಿದಿಡುವುದಿಲ್ಲ. ಕಳೆ ಕೊಚ್ಚುವ ಮೆಷಿನ್‌ಗೆಂದು ಕೆಲಸದವರ ಲೈನ್ ಮನೆಯ ಪಕ್ಕ ಇಟ್ಟಿರುವ ಅಂಥ ಕ್ಯಾನ್‌ಗಳನ್ನು ಎಷ್ಟೋ ತೋಟಗಳಲ್ಲಿ ನೋಡುತ್ತೇವೆ ಅಲ್ವಾ? ಹತ್ತಿರ ಹೋದರೆ ಮೂಗಿಗೇ ಗೊತ್ತಾಗುತ್ತದೆ.

ಇನ್ನು ಲೋಹದ ಕ್ಯಾನ್. ಇವತ್ತು ಎಲ್ಲರೂ ನಕಲು ಮಾಡುವುದು ಜರ್ಮನರು 1937ರ ಸುಮಾರಿಗೆ ಸೈನ್ಯಕ್ಕೆಂದು ಮಾಡಿದ 20 ಲೀಟರಿನ ಮಾದರಿಯನ್ನು. ಅದರ ಒಂದೊಂದು ಭಾಗಕ್ಕೂ ಕಾರಣ ಇದೆ. ಆ ಕಾರಣ ಗೊತ್ತಿದ್ದರೆ ಅಸಲಿಗೂ ವೇಷಕ್ಕೂ ಇರುವ ವ್ಯತ್ಯಾಸ ನೀವೇ ಹಿಡಿಯುತ್ತೀರಿ. ಎರಡು ತಗಡುಗಳನ್ನು ಒತ್ತಿ ತಟ್ಟೆಯ ಹಾಗೆ ಮಾಡಿ, ನಡುವೆ ಒಂದೇ ಸುತ್ತಿನಲ್ಲಿ ವೆಲ್ಡ್ ಮಾಡುತ್ತಾರೆ. ಆ ವೆಲ್ಡಿಂಗ್ ಗೆರೆ ತಗ್ಗಿನೊಳಗೆ ಕೂತಿರುತ್ತದೆ. ಕ್ಯಾನ್ ಕಲ್ಲಿಗೆ ಬಡಿದರೂ ಪೆಟ್ಟು ಗೆರೆಗೆ ಬೀಳುವುದಿಲ್ಲ. ಬದಿಯಲ್ಲಿರುವ ಕತ್ತರಿ ಗುರುತು ಅಲಂಕಾರಕ್ಕಲ್ಲ. ಅದು ತಗಡಿಗೆ ಬಿಗಿ ಕೊಡುತ್ತದೆ, ಒಳಗಿನ ಒತ್ತಡ ಏರಿದಾಗ ಸ್ವಲ್ಪ ಉಬ್ಬಲು ಜಾಗವನ್ನೂ ಕೊಡುತ್ತದೆ. ಮೇಲೆ ಮೂರು ಹಿಡಿ. ಭರ್ತಿ ಕ್ಯಾನನ್ನು ನಡುವಿನ ಹಿಡಿಯಿಂದ ಒಬ್ಬರೇ ಎತ್ತಬಹುದು, ಅಥವಾ ಅಕ್ಕಪಕ್ಕದ ಹಿಡಿಯಿಂದ ಇಬ್ಬರು ಹಿಡಿಯಬಹುದು. ಖಾಲಿ ಆದರೆ ಒಂದೇ ಕೈಯಲ್ಲಿ ಎರಡು ಕ್ಯಾನ್. ಹಿಡಿಯ ಕೆಳಗಿರುವ ಗೂನಿನಲ್ಲಿ ಗಾಳಿಗೆ ಜಾಗ ಉಳಿಯುತ್ತದೆ. ಪೆಟ್ರೋಲ್ ಬಿಸಿಲಿಗೆ ಹಿಗ್ಗಿದಾಗ ಅದಕ್ಕೆ ಹೋಗಲು ಇರುವ ಜಾಗ ಅದೇ.

ಅಂಗಡಿಗೆ ಹೋದಾಗ ಕ್ಯಾನ್ ಕೈಗೆ ತಗೊಳ್ಳಿ. ಮೊದಲು ತೂಕ. 20 ಲೀಟರಿನ ಒಳ್ಳೆಯ ಖಾಲಿ ಕ್ಯಾನ್ 4 ಕೆ.ಜಿ. ಆಸುಪಾಸು ಇರುತ್ತದೆ, ತಗಡು 0.8ರಿಂದ 1 ಮಿ.ಮೀ. ದಪ್ಪ. ಮೂರು ಕೆ.ಜಿ.ಯೂ ಇಲ್ಲ ಅಂದರೆ ವಾಪಸ್ ಇಡಿ. ಬದಿಯ ಚಪ್ಪಟೆ ಜಾಗವನ್ನು ಎರಡು ಹೆಬ್ಬೆರಳಿನಿಂದ ಒತ್ತಿ. ಟಕ್ ಅಂತ ಒಳಗೆ ಹೋಗಿ ಹೊರಗೆ ಬಂದರೆ ತೆಳು ಮಾಲು. ಆಮೇಲೆ ವೆಲ್ಡಿಂಗ್ ಗೆರೆಯ ಮೇಲೆ ಸುತ್ತಲೂ ಬೆರಳು ಓಡಿಸಿ. ಸಮವಾಗಿರಬೇಕು. ಪೇಂಟ್ ದಪ್ಪಗೆ ಗಂಟು ಕಟ್ಟಿದ ಕಡೆ, ಪುಟ್ಟಿ ತುಂಬಿದ ಹಾಗೆ ಕಾಣುವ ಕಡೆ ಅನುಮಾನ ಇರಲಿ.

ಬಾಯಿಗೆ ಬನ್ನಿ. ನನ್ನ ಪ್ರಕಾರ ದುಡ್ಡು ಕೊಡಬೇಕಾಗಿರುವುದು ಇದಕ್ಕೆ. ಕ್ಯಾನ್ ಒಡೆದು ಪೆಟ್ರೋಲ್ ಹೋಗುವುದು ಅಪರೂಪ, ಬಾಯಿಯಿಂದ ಜಿನುಗುವುದೇ ಹೆಚ್ಚು. ಲಿವರ್ ಎತ್ತಿ ಮುಚ್ಚಳ ತೆಗೆಯಿರಿ. ಒಳಗಡೆ ಒಂದು ವಾಷರ್ ಇರುತ್ತದೆ. ಅದು ಮೆತ್ತಗಿರಬೇಕು, ಎಲ್ಲಿಯೂ ಸೀಳಿರಬಾರದು, ಕುಕ್ಕರಿನ ಗ್ಯಾಸ್ಕೆಟ್ ಥರ ಬೇಕೆಂದಾಗ ಬೇರೆ ಹಾಕಲು ಬರಬೇಕು. ಬೇರೆ ವಾಷರ್ ಸಿಗದ ಕ್ಯಾನ್ ತಗೊಳ್ಳಲೇಬೇಡಿ. ಮುಚ್ಚಳ ಹಾಕಿ ಲಿವರ್ ಒತ್ತಿದಾಗ ಕೊನೆಯಲ್ಲಿ ಕೈಗೆ ಸ್ವಲ್ಪ ಬಿಗಿ ಸಿಕ್ಕಿ, ಆಮೇಲೆ ತಟ್ಟನೆ ಕೂರಬೇಕು. ಅನಾಯಾಸವಾಗಿ ಕೂತರೆ ವಾಷರ್ ಒತ್ತಿಕೊಂಡಿಲ್ಲ ಅಂತ ಅರ್ಥ. ಲಿವರ್‌ಗೆ ಅಡ್ಡ ಹಾಕುವ ಪಿನ್ನು ಇದೆಯಾ ನೋಡಿ. ಕಾಡುದಾರಿಯ ಕುಲುಕಾಟಕ್ಕೆ, ತಾಗುವ ಕೊಂಬೆಗೆ ಲಿವರ್ ತಾನಾಗಿ ಎದ್ದುಬಿಡಬಾರದು. ಬಾಯಿಯ ಒಳಗೆ ಟಾರ್ಚ್ ಬಿಡಿ, ಗೂನಿನ ಕಡೆಗೆ ಹೋಗುವ ಸಣ್ಣ ಗಾಳಿ ಕೊಳವೆ ಕಾಣಬೇಕು. ಅದಿದ್ದರೆ ಪೆಟ್ರೋಲ್ ಒಂದೇ ಧಾರೆಯಾಗಿ ಬೀಳುತ್ತದೆ. ಇಲ್ಲದಿದ್ದರೆ ಗುಳುಗುಳು ಅಂತ ಉಗುಳಿ ಕೈ, ಬಟ್ಟೆ, ಗಾಡಿಯ ಬದಿ ಎಲ್ಲ ನೆನೆಸುತ್ತದೆ.

ಟಾರ್ಚ್ ಹಾಗೇ ಇರಲಿ, ಒಳಗಿನ ಗೋಡೆಯನ್ನೂ ನೋಡಿ. ಬರೀ ಕಬ್ಬಿಣವಾ, ಲೇಪ ಇದೆಯಾ? ಲೇಪ ಇದ್ದರೆ ಎಲ್ಲ ಕಡೆ ಒಂದೇ ಸಮ ಇದೆಯಾ, ಮೂಲೆಯಲ್ಲಿ ಸಿಪ್ಪೆ ಎದ್ದಿದೆಯಾ? ಈ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಮರುಭೂಮಿಯಲ್ಲಿ ಓಡಾಡುವವರು ಬರೆದ ಸಲಹೆಗಳಲ್ಲಿ ಇದು ಅಷ್ಟಾಗಿ ಸಿಗುವುದಿಲ್ಲ. ಅವರಿಗೆ ಬಿಸಿಲಿನದ್ದೇ ಚಿಂತೆ, ನಮಗೆ ನೀರಿನದ್ದು. ಕೊಡಗಿನಲ್ಲಿ ಕಬ್ಬಿಣದ ಕ್ಯಾನ್ ಕಲ್ಲಿಗೆ ಬಡಿದು ಹಾಳಾಗುವುದಕ್ಕಿಂತ ಒಳಗಿಂದ ತುಕ್ಕು ತಿಂದು ಹಾಳಾಗುವುದೇ ಹೆಚ್ಚು.

ಅದು ಹೀಗಾಗುತ್ತದೆ. ಅರ್ಧ ಖಾಲಿಯಾದ ಕ್ಯಾನಿನಲ್ಲಿ ಉಳಿದರ್ಧ ಗಾಳಿ. ಮಳೆಗಾಲದ ನಮ್ಮ ಗಾಳಿ ಎಷ್ಟು ಒದ್ದೆ ಅಂತ ಬೇರೆ ಹೇಳಬೇಕಾಗಿಲ್ಲ, ಕಕ್ಕಡ ತಿಂಗಳಲ್ಲಿ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ. ಪ್ರತಿ ಸಲ ಮುಚ್ಚಳ ತೆಗೆದಾಗ ಆ ಗಾಳಿ ಒಳಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಅದರಲ್ಲಿನ ತೇವ ತಗಡಿನ ಒಳಮೈಯಲ್ಲಿ ಹನಿಯಾಗಿ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತದೆ. ತಳದ ಮೂಲೆಯಿಂದ ತುಕ್ಕು ಶುರು.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಾದರೆ ಪೆಟ್ರೋಲಿನಲ್ಲೇ ಕರಗಿ ಎಂಜಿನ್‌ನಲ್ಲಿ ಉರಿದು ಹೋಗುತ್ತದೆ, ತೊಂದರೆ ಇಲ್ಲ. ಮಿತಿ ದಾಟಿತು ಅಂದರೆ ನೀರೂ ಎಥನಾಲೂ ಒಟ್ಟಿಗೆ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಆ ತಳದ ದ್ರವ ಕಬ್ಬಿಣಕ್ಕೂ ಕೆಟ್ಟದ್ದು, ಎಂಜಿನ್‌ಗೂ ಕೆಟ್ಟದ್ದು. ಸತು ಲೇಪದ ತಗಡಿನ ಡಬ್ಬ ಎಥನಾಲ್ ಪೆಟ್ರೋಲಿಗೆ ಆಗುವುದಿಲ್ಲ, ಲೇಪವೇ ನಿಧಾನಕ್ಕೆ ಕರಗಿ ಬಿಳಿ ಹುಡಿಯಾಗಿ ಫಿಲ್ಟರ್ ಸೇರುತ್ತದೆ. ಎಪಾಕ್ಸಿ ಅಥವಾ ಫಿನಾಲಿಕ್ ಲೇಪ ಒಳ್ಳೆಯದು. ಅದೂ ಇಲ್ಲದಿದ್ದರೆ, ಸಿಪ್ಪೆ ಏಳುವ ಕಳಪೆ ಲೇಪಕ್ಕಿಂತ ಸ್ವಚ್ಛವಾದ ಬರೀ ಉಕ್ಕೇ ವಾಸಿ, ಒಣಗಿಸಿ ಇಡುತ್ತೀರಿ ಅಂತಾದರೆ. ವಾಷರ್ ವೈಟಾನ್ ಅನ್ನುವ ವಿಶೇಷ ರಬ್ಬರಿನದ್ದಾದರೆ ಎಥನಾಲ್‌ಗೆ ಚೆನ್ನಾಗಿ ತಡೆಯುತ್ತದೆ. ಮಾಮೂಲಿ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಹಾಗಾಗಿ ಮಳೆಗಾಲಕ್ಕೆ ನನ್ನ ನಿಯಮ ಇಷ್ಟೇ. ಕ್ಯಾನ್ ಒಂದೋ ಭರ್ತಿ ಇರಬೇಕು, ಇಲ್ಲಾ ಪೂರ್ತಿ ಖಾಲಿಯಾಗಿ ಒಣಗಿರಬೇಕು. ಅರ್ಧ ಇಡಬೇಡಿ. ಟ್ರಿಪ್ ಮುಗಿದ ಮೇಲೆ ಉಳಿದದ್ದನ್ನು ಗಾಡಿಗೆ ಹಾಕಿಬಿಡಿ. ಎಥನಾಲ್ ಪೆಟ್ರೋಲನ್ನು ಎರಡು ಮೂರು ತಿಂಗಳಿಗಿಂತ ಜಾಸ್ತಿ ಇಟ್ಟುಕೊಳ್ಳುವುದೂ ಒಳ್ಳೆಯದಲ್ಲ. ಖಾಲಿ ಕ್ಯಾನನ್ನು ಮುಚ್ಚಳ ತೆಗೆದು, ಗಾಳಿಯಾಡುವ ಕಡೆ, ಒಲೆ, ಹೊಗೆಗೂಡು, ಜನರೇಟರ್ ಎಲ್ಲದರಿಂದ ದೂರ ಒಣಗಿಸಿ, ಆಮೇಲೆ ಮುಚ್ಚಿ. ಇಡುವ ಜಾಗದ ಬಗ್ಗೆ ಬೆಳೆಗಾರರಿಗೇ ಹೇಳಬೇಕಾದ ಒಂದು ಮಾತು: ಗೊಬ್ಬರದ ಗೋಡೌನ್ ಬೇಡ. ಪೊಟ್ಯಾಷ್ ತೇವ ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತದ ನೀರು ತಾಗಿದರೆ ಕೇಳುವುದೇ ಬೇಡ.

ಅಟ್ಟದ ಮೇಲಿನ ಕ್ಯಾನ್ ವಿಷಯ. ನಮ್ಮ ಜಿಲ್ಲೆಯಲ್ಲಿ ಮಿಲಿಟರಿ ಕ್ಯಾನ್ ಸಿಗುವ ಅಟ್ಟಗಳಿಗೇನೂ ಬರ ಇಲ್ಲ. ತಗಡು ಚೆನ್ನಾಗಿರುತ್ತದೆ ಅನ್ನುವುದು ನಿಜ, ಹಳೆಯದು ಅಂತ ಎಸೆಯಬೇಡಿ. ಆದರೆ ಇಷ್ಟು ವರ್ಷ ಅದರಲ್ಲಿ ಏನಿತ್ತು ಅಂತ ಕೇಳಿ. ನೀರಿಗೆ ಬಳಸಿದ್ದರೆ ಒಳಗೆ ತುಕ್ಕು ಇದ್ದೇ ಇರುತ್ತದೆ. ಒಂದು ಹಿಡಿ ಸಣ್ಣ ಜಲ್ಲಿ, ಸ್ವಲ್ಪ ಸೋಪಿನ ನೀರು ಹಾಕಿ ಕುಲುಕಿ ಸುರಿಯಿರಿ. ಕಂದು ನೀರು ಬಂದು ನಿಂತರೆ ಪರವಾಗಿಲ್ಲ. ಚೂರು ಚೂರು ತಗಡೇ ಬರುತ್ತಿದ್ದರೆ ಅದು ಹೂಕುಂಡಕ್ಕೆ ಸರಿ. ಒಣಗಿಸಿ, ಹೊಸ ವಾಷರ್ ಹಾಕಿ, ನೀರು ತುಂಬಿಸಿ ಒಂದು ರಾತ್ರಿ ತಲೆಕೆಳಗು ಮಾಡಿ ಹಳೆಯ ಪೇಪರ್ ಮೇಲೆ ಇಡಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಪಾಸ್. ಹೊಸ ಕ್ಯಾನ್ ತಂದರೂ ಇದನ್ನು ಮಾಡಿ, ಮಾಡಿದ ಮೇಲೆ ಪೂರ್ತಿ ಒಣಗಿಸಿ.

ಪರೀಕ್ಷೆಯಲ್ಲಿ ಸೋರಿತು, ವೆಲ್ಡಿಂಗ್ ಶಾಪ್‌ಗೆ ಕೊಟ್ಟು ಒಂದು ಟಾಕು ಹಾಕಿಸೋಣ ಅಂದುಕೊಳ್ಳಬೇಡಿ. ಪೆಟ್ರೋಲ್ ಇದ್ದ ಕ್ಯಾನ್ ಖಾಲಿಯಾದಾಗಲೇ ಹೆಚ್ಚು ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4ರಿಂದ 7.6 ಶೇಕಡಾ ಇದ್ದಾಗ ಕಿಡಿ ತಾಗಿದರೆ ಸಿಡಿಯುತ್ತದೆ. ಭರ್ತಿ ಕ್ಯಾನಿನಲ್ಲಿ ಆವಿಗೆ ಜಾಗವೇ ಕಡಿಮೆ, ಖಾಲಿ ಕ್ಯಾನ್ ತುಂಬ ಅದೇ. ನೀರಿನಲ್ಲಿ ತೊಳೆದಿದ್ದೇನೆ ಅನ್ನುವುದೂ ನಂಬಿಕೆಗೆ ಸಾಲದು. ಸೋರುವ ಕ್ಯಾನ್ ಗುಜರಿಗೆ, ಅಷ್ಟೇ.

ಆನ್‌ಲೈನ್‌ನಲ್ಲೇ ತಗೊಳ್ಳುವುದಾದರೆ ಫೋಟೋದಲ್ಲಿ ಒತ್ತಿದ ಅಕ್ಷರಗಳನ್ನು ಹುಡುಕಿ. ವಿಶ್ವಸಂಸ್ಥೆಯ ಅಪಾಯಕಾರಿ ಸರಕಿನ ನಿಯಮದ ಪ್ರಕಾರ ಪರೀಕ್ಷೆ ಆದ ಕ್ಯಾನ್ ಮೇಲೆ ಯುಎನ್ ಗುರುತು, ಅದರ ಪಕ್ಕ 3ಎ1 ಅಂತ ಇರುತ್ತದೆ. 3 ಅಂದರೆ ಜೆರ್ರಿಕ್ಯಾನ್ (ಇಂಥ ಕ್ಯಾನ್‌ಗೆ ಇಂಗ್ಲಿಷಿನ ಹೆಸರು), ಎ ಅಂದರೆ ಉಕ್ಕು, 1 ಅಂದರೆ ಮೇಲ್ಭಾಗ ಬಿಚ್ಚಲು ಬಾರದ್ದು. ಮುಂದೆ ಎಕ್ಸ್, ವೈ ಅಥವಾ ಜೆಡ್ ಅಕ್ಷರ. ಪೆಟ್ರೋಲಿಗೆ ವೈ ಇದ್ದರೂ ಸಾಕು, ಎಕ್ಸ್ ಇದ್ದರೆ ಇನ್ನೂ ಒಳ್ಳೆಯದು, ಜೆಡ್ ಸಾಲದು. ವೈ ಕ್ಯಾನನ್ನು ಮಾಮೂಲಾಗಿ 1.2 ಮೀಟರ್ ಎತ್ತರದಿಂದ ಬೀಳಿಸಿ ಪರೀಕ್ಷಿಸಿರುತ್ತಾರೆ. ಮುಂದೆ ಬರುವ 100ರಂಥ ಅಂಕಿ ಎಷ್ಟು ಕಿಲೋಪಾಸ್ಕಲ್ ಒತ್ತಡ ಕೊಟ್ಟು ನೋಡಿದರು ಅನ್ನುವುದು. ನಮ್ಮ ದೇಶದ ನಿಯಮದಲ್ಲಿ ಒಂದು ಲೀಟರ್ ಮೀರಿದ ಪೆಟ್ರೋಲ್ ಪಾತ್ರೆ ನಾಗಪುರದ ಪೆಸೊ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಒಪ್ಪಿದ ಮಾದರಿಯದ್ದಾಗಿರಬೇಕು. ಅದನ್ನೂ ಮಾರುವವರ ಹತ್ತಿರ ಕೇಳಿ. ಬೆಲೆಯಲ್ಲಿ ಆ ಎರಡು ಮೂರು ಪಟ್ಟು ವ್ಯತ್ಯಾಸ ಬಹಳ ಸಲ ಬರುವುದು ಈ ಅಕ್ಷರಗಳಿಂದ, ವಾಷರ್‌ನಿಂದ, ತಗಡಿನ ದಪ್ಪದಿಂದ. ಮೇಲಿನ ಹಸಿರು ಬಣ್ಣ ಎಲ್ಲದಕ್ಕೂ ಒಂದೇ.

ತುಂಬಿಸುವಾಗ ಕುತ್ತಿಗೆವರೆಗೆ ತುಂಬಿಸಬೇಡಿ. 20 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ 400 ಮಿಲಿ ಲೀಟರ್ ಹಿಗ್ಗುತ್ತದೆ. ಮೇಲೆ ಘಾಟಿಯ ಲೆಕ್ಕ ಬೇರೆ. ಮಂಗಳೂರಿನಲ್ಲಿ ತುಂಬಿಸಿ ಸಂಪಾಜೆ ಹತ್ತಿ ಮಡಿಕೇರಿಗೆ ಬಂದರೆ ನೀವು 1,100 ಮೀಟರ್‌ಗಿಂತ ಮೇಲೆ ಬಂದಿರುತ್ತೀರಿ, ಹೊರಗಿನ ಗಾಳಿಯ ಒತ್ತಡ 12 ಶೇಕಡಾದಷ್ಟು ಇಳಿದಿರುತ್ತದೆ. ಕ್ಯಾನ್ ಉಬ್ಬಿರುವುದು ಕಣ್ಣಿಗೇ ಕಾಣುತ್ತದೆ. ಲೇಹ್ ದಾರಿಯ ತಂಗ್ಲಂಗ್ ಲಾ 5,300 ಮೀಟರ್ ಆಸುಪಾಸು, ಅಲ್ಲಿ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟೇ. ಅಂಥ ಕಡೆ ಮುಚ್ಚಳ ತೆಗೆಯುವಾಗ ಮೇಲೆ ಬಟ್ಟೆ ಹಾಕಿ, ಮುಖ ದೂರ ಇಟ್ಟು, ಲಿವರನ್ನು ನಿಧಾನಕ್ಕೆ ಎತ್ತಿ ಆವಿ ಬಿಡಿ.

ಬಂಕಿನಲ್ಲಿ ಕ್ಯಾನನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಟ್ಟು ತುಂಬಿಸಿ. ಜಿಪ್ಸಿಯ ಹಿಂದೆ ಹಾಸಿದ ರಬ್ಬರ್ ಮ್ಯಾಟ್ ಮೇಲೆ ಇಟ್ಟು ತುಂಬಿಸಿದರೆ ಹರಿಯುವ ಪೆಟ್ರೋಲಿನಿಂದ ಹುಟ್ಟಿದ ಸ್ಥಿರ ವಿದ್ಯುತ್ ಹೋಗಲು ದಾರಿ ಇರುವುದಿಲ್ಲ. ನೆಲದ ಮೇಲಿದ್ದು, ನಳಿಗೆ ಕ್ಯಾನಿನ ಬಾಯಿಗೆ ತಾಗಿಕೊಂಡಿದ್ದರೆ ಆ ಕಿಡಿಯ ಭಯ ಬಹಳ ಕಡಿಮೆ. ಕ್ಯಾನ್‌ಗೆ ಹಾಕುವುದಿಲ್ಲ ಅಂತ ಬಂಕಿನವರು ಹೇಳಿದರೆ ಜಗಳ ಬೇಡ, ಎಷ್ಟೋ ಸಲ ಅವರಿಗೆ ಮೇಲಿನಿಂದ ಹಾಗೆ ಸೂಚನೆ ಇರುತ್ತದೆ.

ಕಟ್ಟುವ ಜಾಗ. ಭರ್ತಿ ಕ್ಯಾನ್ ಒಂದಕ್ಕೆ 19 ಕೆ.ಜಿ. ಹತ್ತಿರ ಬರುತ್ತದೆ. ನಿಮ್ಮ ಮೂರು ಕ್ಯಾನ್ ಮೇಲಿಟ್ಟರೆ ಸುಮಾರು 57 ಕೆ.ಜಿ. ನೆತ್ತಿಯ ಮೇಲೆ. ಓರೆಯಾದ ಕೆಸರು ದಾರಿಯಲ್ಲಿ ಜಿಪ್ಸಿಯಂಥ ಕಿರಿದಾದ ಗಾಡಿ ಮಗುಚಲು ಅಷ್ಟು ಸಾಕು. ಹಿಂದಿನ ಬಂಪರ್‌ನ ಮೇಲೆ ಕಟ್ಟಿದರೆ ನೋಡಲು ಚೆಂದ, ಆದರೆ ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲು ಪೆಟ್ಟು ಬೀಳುವುದು ಅದಕ್ಕೆ. ಬದಿಯಲ್ಲಿ ಕಟ್ಟಿದರೆ ತೋಟದ ಬೇಲಿ ಕಂಬ ಕಾದು ಕೂತಿರುತ್ತದೆ. ತೆರೆದ ಜಿಪ್ಸಿ ಆದರೆ ಒಳಗೆ, ಹಿಂದಿನ ಚಕ್ರಕ್ಕಿಂತ ಮುಂದೆ, ಸೀಟಿನ ಬೆನ್ನಿಗೆ ಒತ್ತಿ ನೆಟ್ಟಗೆ ನಿಲ್ಲಿಸಿ ರ‍್ಯಾಚೆಟ್ ಬೆಲ್ಟ್‌ನಿಂದ ಬಿಗಿಯುವುದು ನನಗೆ ಸರಿ ಅನ್ನಿಸುತ್ತದೆ. ಎಳೆದರೆ ಬರುವ ರಬ್ಬರ್ ಹಗ್ಗ ಬೇಡ. ಮುಚ್ಚಿದ ಗಾಡಿ ಆದರೆ ಒಳಗೆ ಪೆಟ್ರೋಲ್ ಬೇಡವೇ ಬೇಡ. ಅದರ ಆವಿ ಗಾಳಿಗಿಂತ ಭಾರ, ಕಾಲ ಬುಡದಲ್ಲೇ ಸೇರಿಕೊಳ್ಳುತ್ತದೆ. ಹಾರ್ಡ್‌ಟಾಪ್ ಇದ್ದರೆ ಹಿಂಬಾಗಿಲಿನ ಪಕ್ಕ, ಚಾಸಿಗೆ ಬೋಲ್ಟ್ ಹಾಕಿದ ಗಟ್ಟಿ ಫ್ರೇಮ್ ಮಾಡಿಸಿ, ಗುದ್ದುವ ಅಪಾಯ ಇದೆ ಅಂತ ಗೊತ್ತಿಟ್ಟುಕೊಂಡೇ. ಫ್ರೇಮಿನ ತಳದಲ್ಲಿ ನೀರು ಇಳಿಯಲು ತೂತು ಇರಲಿ. ಕ್ಯಾನ್ ಕಬ್ಬಿಣಕ್ಕೆ ಉಜ್ಜದ ಹಾಗೆ ರಬ್ಬರ್ ತುಂಡು ಹಾಕಿ. ಪೇಂಟ್ ಹೋದ ಕಡೆ ಒಂದೇ ಮಳೆಗಾಲ ಸಾಕು.

ದಾರಿಯಲ್ಲಿ ಟ್ಯಾಂಕಿನಲ್ಲಿ ಜಾಗ ಆದ ತಕ್ಷಣ ಕ್ಯಾನಿನದ್ದನ್ನು ಸುರಿದುಬಿಡಿ, ಕೊನೆಯವರೆಗೆ ಹೊತ್ತುಕೊಂಡು ತಿರುಗಬೇಡಿ. ಎಂಜಿನ್ ಆಫ್ ಮಾಡಿ, ಸ್ವಲ್ಪ ತಣ್ಣಗಾಗಲು ಬಿಡಿ. ಮಳೆ ಹೊಯ್ಯುತ್ತಿದ್ದರೆ ಒಬ್ಬರು ಟ್ಯಾಂಕಿನ ಬಾಯಿಗೆ ಕೊಡೆ ಹಿಡಿಯಲಿ. ಜಾಲರಿ ಇರುವ ಫನೆಲ್ ಅಥವಾ ಕ್ಯಾನಿನ ಬಾಯಿಗೇ ಸಿಕ್ಕಿಸುವ ಮೂತಿ ಬಳಸಿ. ಆ ಮೂತಿಯನ್ನು ಮನೆಯಲ್ಲೇ ಜಿಪ್ಸಿಯ ಟ್ಯಾಂಕಿಗೆ ಹಾಕಿ ನೋಡಿ. ಡೀಸೆಲ್ ಗಾಡಿಗೆ ಮಾಡಿದ ದಪ್ಪ ಮೂತಿ ಪೆಟ್ರೋಲ್ ಟ್ಯಾಂಕಿನ ಬಾಯಿಗೆ ಹೋಗದೆ ಇರಬಹುದು, ಅದು ಗೊತ್ತಾಗುವುದು ಕಕ್ಕಬ್ಬೆ ಆಚೆ ಜಿಗಣೆ ಹತ್ತುವ ಜಾಗದಲ್ಲಿ ಆಗಬಾರದು. ಕ್ಯಾನಿನ ತಳದ ಕೊನೆಯ ಒಂದು ಲೋಟದಷ್ಟನ್ನು ಟ್ಯಾಂಕಿಗೆ ಹಾಕದೆ ಬಿಳಿ ಪಾರದರ್ಶಕ ಬಾಟಲಿಗೆ ಬಗ್ಗಿಸಿ ನೋಡುವುದು ಒಳ್ಳೆಯ ಅಭ್ಯಾಸ. ಅಡಿಯಲ್ಲಿ ಬೇರೆ ಪದರ ಕಂಡರೆ ಅದು ನೀರು.

ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತೋಟದಲ್ಲಿ ಪಂಪ್‌ಸೆಟ್ಟಿನ ಡೀಸೆಲ್, ಕಳೆ ಮೆಷಿನ್ನಿನ ಆಯಿಲ್ ಬೆರೆಸಿದ ಪೆಟ್ರೋಲ್, ಗಾಡಿಯ ಪೆಟ್ರೋಲ್ ಮೂರೂ ಇರುತ್ತವೆ. ಮೂರೂ ಹಸಿರು ಕ್ಯಾನ್‌ಗಳೇ ಆದರೆ ಯಾವತ್ತಾದರೂ ಅದಲು ಬದಲಾಗುವುದು ಖಂಡಿತ. ಎರಡೂ ಬದಿಗೆ ಬಿಳಿ ಪೇಂಟಿನಲ್ಲಿ ದಪ್ಪಗೆ ‘ಪೆಟ್ರೋಲ್ – ಜಿಪ್ಸಿ’ ಅಂತ ಬರೆಸಿ. ಕೆಲಸದವರಲ್ಲಿ ಕನ್ನಡ ಓದಲು ಬಾರದವರು ಇದ್ದರೆ ಹಿಡಿಗೆ ಕೆಂಪು ಬಳಿಯಿರಿ, ಡೀಸೆಲ್ ಕ್ಯಾನಿನ ಹಿಡಿಗೆ ಹಳದಿ.